ಬೆಂಗಾಡಿನ ದನಿ: ಒಂದು ಪ್ರವಾದನೆ, ಹಲವು ಕಾಕು

ಕೆರಿಬಿಯನ್ ಕಡಲತೀರದ ಸಾಂತೊ ದೊಮಿಂಗೊ ನಗರದಲ್ಲಿ ದೊಮಿನಿಕನ್ ಸಭೆಯ ಸನ್ಯಾಸಿಯೊಬ್ಬರ ಬೃಹತ್ ಪ್ರತಿಮೆಯಿದೆ. ಮೆಕ್ಸಿಕೊ ದೇಶದ ಕೊಡುಗೆಯಾಗಿ ೧೯೮೨ರಲ್ಲಿ ಅನಾವರಣಗೊಂಡ ಇದರ ಎತ್ತರ ಸುಮಾರು ೧೫ ಮೀಟರ್. ಸನ್ಯಾಸಿ ಕಡಲಿಗೆ ಎದುರಾಗಿ, ಕೈಯನ್ನು ಬಾಯಿಯ ಬಳಿ ಹಿಡಿದು, ಗಂಟಲು ಬಿರಿಯುವಂತೆ ಕೂಗುತ್ತಿದ್ದಾರೆ. ಅವರು ಅಂತೋನಿಯೊ ದೆ ಮೊಂತೆಸಿನೋಸ್. ೧೫೧೧ರ ಡಿಸೆಂಬರ್ ೨೧ರಂದು, ಆಗಮನಕಾಲದ ನಾಲ್ಕನೆಯ ಭಾನುವಾರ, ಇದೇ ನಗರದ ದೇವಾಲಯದಲ್ಲಿ ಅವರು ನೀಡಿದ ಪ್ರಬೋಧನೆ ಧರ್ಮಸಭೆಯ ಇತಿಹಾಸದ ಪ್ರಸಿದ್ಧ ಭಾಷಣಗಳಲ್ಲೊಂದು. ಶಿಲ್ಪಿ ಆ ಪ್ರಬೋಧನೆಯ ದನಿ ಯಾವುದೆಂದು ನಿರ್ಧರಿಸಿಬಿಟ್ಟಿದ್ದಾರೆ: ಅದು ಕೂಗು, ಅದು ಸಿಟ್ಟು. ಶಿಲ್ಪಿಗೆ ಆ ಸ್ವಾತಂತ್ರ್ಯವುಂಟು. ಪ್ರಬೋಧನೆಯ ಪಾಠವನ್ನು ಕೈಯಲ್ಲಿ ಹಿಡಿದ ನಾವು ಮಾತ್ರ ಅಷ್ಟು ಬೇಗ ನಿರ್ಧರಿಸಲಾಗದು. ಐದು ಶತಮಾನಗಳ ಹಿಂದೆ ಆಡಿ ಮುಗಿದ ಮಾತಿನ ದನಿ ಯಾವುದಿತ್ತೆಂದು ತಿಳಿಯುವುದು ಹೇಗೆ? ಇದು ಇತಿಹಾಸಕಾರನ ಕುತೂಹಲವಷ್ಟೇ ಅಲ್ಲ. ಪ್ರತಿದಿನವೂ ಬಲಿಪೀಠದ ಪಕ್ಕದಲ್ಲಿ ನಿಂತು ಬೇರೆಯವರು ಆಡಿದ ಮಾತನ್ನು ನಮ್ಮ ಬಾಯಿಂದ ಓದುವ ಕಾಯಕ ನಮ್ಮದಾದ್ದರಿಂದ, ಈ ಪ್ರಶ್ನೆ ನಮ್ಮನ್ನು ನೇರವಾಗಿ ತಟ್ಟುತ್ತದೆ.

ನಮ್ಮ ನಾಡಿನ ಕಾವ್ಯಮೀಮಾಂಸೆಯಲ್ಲಿ ಇದಕ್ಕೆ ಹೇಳಿಮಾಡಿಸಿದಂಥ ಪದವೊಂದಿದೆ: ಕಾಕು. ಅಕ್ಷರಗಳು ಬದಲಾಗದೆ ಅರ್ಥ ಬದಲಾಗುವಂತೆ ಮಾಡುವ ದನಿಯ ತಿರುವು ಅದು. ‘ನೀನು ಬಂದೆ’ ಎಂಬ ಎರಡು ಪದಗಳನ್ನು ಸಂತೋಷವಾಗಿ, ಪ್ರಶ್ನೆಯಾಗಿ, ದೂರಾಗಿ, ಹಂಗಣೆಯಾಗಿ ಹೇಳಬಹುದು. ಬರೆದಾಗ ನಾಲ್ಕೂ ಒಂದೇ. ರುದ್ರಟನು ಕಾಕುವನ್ನು ಅಲಂಕಾರಗಳ ಸಾಲಿಗೆ ಸೇರಿಸಿದರೆ, ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಅದನ್ನು ಒಪ್ಪಲಿಲ್ಲ. ಅವನ ವಾದದಂತೆ ಕಾಕು ಪಠನದ ಧರ್ಮ, ಓದುವವನ ಅಭಿಪ್ರಾಯವನ್ನು ಹೊತ್ತ ಗುಣ. ಅದನ್ನು ಅಲಂಕಾರವೆನ್ನುವುದು ಸಲ್ಲದು. ಭರತಮುನಿಯನ್ನು ಅನುಸರಿಸಿ ಅವನು ಕಾಕುವನ್ನು ಎರಡಾಗಿ ವಿಂಗಡಿಸುತ್ತಾನೆ. ಸಾಕಾಂಕ್ಷ ಕಾಕು ಇನ್ನೇನನ್ನೋ ಬೇಡುತ್ತದೆ, ಕೇಳುವವನಿಂದ ಪೂರ್ತಿಯಾಗಬೇಕು. ಪ್ರಶ್ನೆಯನ್ನು ಒಡಲಲ್ಲಿಟ್ಟುಕೊಂಡ ಮಾತು ಈ ಬಗೆಯದು. ನಿರಾಕಾಂಕ್ಷ ಕಾಕು ತನ್ನಲ್ಲೇ ಮುಗಿದದ್ದು. ನಿರ್ಣಯದ ಮಾತು, ತೀರ್ಪಿನ ಮಾತು ಈ ಬಗೆಯದು. ಕುಮಾರವ್ಯಾಸನನ್ನು ಓದುವ ಗಮಕಿಗಳು ಇಂದಿಗೂ ಬದುಕುತ್ತಿರುವುದು ಈ ವಿವೇಕದ ಮೇಲೆ. ರಾಜಶೇಖರನ ಮಾತು ನಿಜವಾದರೆ ಅದರ ಪರಿಣಾಮ ಗಂಭೀರವಾದುದು: ಕಾಕು ಪಾಠದಲ್ಲಿಲ್ಲ, ಪಠನದಲ್ಲಿದೆ. ಪಠನ ಮುಗಿದೊಡನೆ ಅದೂ ಮುಗಿಯುತ್ತದೆ. ಉಳಿಯುವುದು ಅದರ ಗುರುತುಗಳು ಮಾತ್ರ. ಪ್ರಕಾರ, ಸಂದರ್ಭ, ಎಲ್ಲಕ್ಕಿಂತ ಮುಖ್ಯವಾಗಿ ಕೇಳಿದವರು ಏನು ಮಾಡಿದರೆಂಬ ವರದಿ.

ಮೊಂತೆಸಿನೋಸರು ಆ ದಿನ ಎತ್ತಿಕೊಂಡ ವಾಕ್ಯ ಅವರದಾಗಿರಲಿಲ್ಲ. ಅದು ಸ್ನಾನಿಕ ಯೊವಾನ್ನರು ತಮ್ಮ ಬಗ್ಗೆ ಹೇಳಿಕೊಂಡ ಮಾತು (ಯೊವಾನ್ನ ೧:೨೩). ಯೊವಾನ್ನರಿಗೂ ಅದು ಸ್ವಂತದ್ದಲ್ಲ; ಯೆಶಾಯನ ಗ್ರಂಥದ ೪೦ನೆಯ ಅಧ್ಯಾಯದ ಕವಿತೆಯದು. ಆದುದರಿಂದ ಮೊದಲು ಕವಿತೆಗೆ ಹೋಗಬೇಕು.

ಆ ಕವಿತೆ ಹುಟ್ಟಿದ್ದು ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ, ಬಾಬಿಲೋನಿನ ಸೆರೆವಾಸದ ಕೊನೆಯ ವರ್ಷಗಳಲ್ಲಿ. ಅದರ ಮೊದಲ ಪದವೇ ಸಂತೈಸುವಂತೆ ಅಪ್ಪಣೆ ನೀಡುವ ಕ್ರಿಯಾಪದ, ಅದೂ ಎರಡು ಸಲ. ಅದರ ಬೆನ್ನಿಗೇ ಹೃದಯವನ್ನು ಮುಟ್ಟುವಂತೆ ಮಾತಾಡಿ ಎಂಬ ಅರ್ಥದ ಹಿಬ್ರೂ ನುಡಿಗಟ್ಟು ಬರುತ್ತದೆ. ರೂತಳು ಬೋವಜನ ದಯೆಯ ಮಾತನ್ನು ನೆನೆಯುವಾಗಲೂ ಇದೇ ನುಡಿಗಟ್ಟಿದೆ (ರೂತ್ ೨:೧೩). ಇಂಥ ಆರಂಭದ ನಂತರ ಕೇಳಿಬರುವ ದನಿ ಗದರಿಕೆಯ ದನಿಯಾಗಲಾರದು. ಅದು ಅರಸನ ಮುಂದೆ ಓಡುವ ಸಾರುವವನ ದನಿ: ಪ್ರಭು ಬರುತ್ತಿದ್ದಾರೆ, ಹಾದಿ ಸಿದ್ಧವಾಗಲಿ, ಜನ ಮನೆಗೆ ಮರಳುವ ಕಾಲ ಬಂತು. ಇನ್ನೊಂದು ಸೂಕ್ಷ್ಮವೂ ಇದೆ. ಹಿಬ್ರೂ ಕವಿತೆಯ ಜೀವಾಳ ಸಾಲುಗಳ ಸಮಾಂತರತೆ. ಇಲ್ಲಿ ‘ಬೆಂಗಾಡಿನಲ್ಲಿ’ ಎಂಬ ಪದಕ್ಕೆ ಮುಂದಿನ ಅರ್ಧದಲ್ಲಿ ‘ಮರುಭೂಮಿಯಲ್ಲಿ’ ಎಂಬ ಜೊತೆ ಇದೆ. ಎರಡೂ ಕಡೆ ಅದು ಹಾದಿ ಮಾಡಬೇಕಾದ ಸ್ಥಳ. ಮಸೋರ ಪಂಡಿತರು ಇಟ್ಟ ಪಠನಚಿಹ್ನೆಗಳೂ ಹಾಗೆಯೇ ಹೇಳುತ್ತವೆ: ‘ಕೂಗುವವನ ದನಿ’ ಎಂಬಲ್ಲಿ ಉಸಿರು ನಿಲ್ಲಬೇಕು. ಅಂದರೆ ಮೂಲದಲ್ಲಿ ಬೆಂಗಾಡಿನಲ್ಲಿ ಇರಬೇಕಾದ್ದು ಹಾದಿ, ಕೂಗುವವನಲ್ಲ.

ಗ್ರೀಕ್ ಸಪ್ತತಿ ಅನುವಾದದಲ್ಲಿ ಎರಡನೆಯ ಅರ್ಧದ ‘ಮರುಭೂಮಿಯಲ್ಲಿ’ ಎಂಬ ಪದ ಬಿಟ್ಟುಹೋಗಿದೆ. ಜೊತೆ ತಪ್ಪಿದ ಮೇಲೆ ಮೊದಲನೆಯ ‘ಬೆಂಗಾಡಿನಲ್ಲಿ’ ಸಹಜವಾಗಿ ದನಿಗೆ ಅಂಟಿಕೊಂಡಿತು. ಶುಭಸಂದೇಶಕಾರರಿಗೆ ಇದು ಅನುಕೂಲವೇ ಆಯಿತು. ಸ್ನಾನಿಕ ಯೊವಾನ್ನರು ನಿಜವಾಗಿ ಬೆಂಗಾಡಿನಲ್ಲೇ ಇದ್ದರಲ್ಲವೇ? ಆದರೆ ಅದೇ ಕಾಲದ ಸುಮಾರಿಗೆ ಮೃತಸಮುದ್ರದ ತೀರದ ಕುಮ್ರಾನಿನ ಜನ ಹಿಬ್ರೂ ಅನ್ವಯವನ್ನೇ ಹಿಡಿದುಕೊಂಡು, ತಾವು ಬೆಂಗಾಡಿಗೆ ಹೋಗಿ ಧರ್ಮಶಾಸ್ತ್ರವನ್ನು ಅಧ್ಯಯನ ಮಾಡುವುದೇ ಆ ಹಾದಿಯ ಸಿದ್ಧತೆಯೆಂದು ತಮ್ಮ ಸಂಘನಿಯಮದಲ್ಲಿ ಬರೆದುಕೊಂಡರು. ಸಾರುವವನ ಕೂಗು ಅವರ ಕಿವಿಯಲ್ಲಿ ಗುರುಕುಲದ ಶಿಸ್ತಾಯಿತು. ನಾಲ್ಕನೆಯ ಶುಭಸಂದೇಶದಲ್ಲಿ ಮಾತ್ರ ಈ ವಾಕ್ಯ ಯೊವಾನ್ನರ ಸ್ವಂತ ಬಾಯಿಂದ ಬರುತ್ತದೆ, ಅದೂ ವಿಚಾರಣೆಯ ನಡುವೆ. ಜೆರುಸಲೇಮಿನಿಂದ ಬಂದ ಯಾಜಕರೂ ಲೇವಿಯರೂ ನೀನಾರೆಂದು ಕೇಳುತ್ತಾರೆ. ಮೂರು ಸಲ ಅಲ್ಲವೆಂದ ಮೇಲೆ, ಉತ್ತರವನ್ನು ಒಯ್ಯಲೇಬೇಕಾದ ದೂತರ ಒತ್ತಾಯಕ್ಕೆ ಅವರು ಹೇಳುವ ಮಾತದು. ಇಲ್ಲಿ ದನಿ ಸಾಕ್ಷಿಕಟ್ಟೆಯ ದನಿ. ಸ್ವಲ್ಪ ಬಿಗಿ, ಸ್ವಲ್ಪ ವಿನಯ.

ನಮ್ಮ ಭಾಷೆಯಲ್ಲಿ ಈ ವಾಕ್ಯಕ್ಕೆ ಇನ್ನೊಂದು ವಿಪತ್ತು ಕಾದಿದೆ. ಕನ್ನಡ ಬೈಬಲಿನ ಬೇರೆಬೇರೆ ಅನುವಾದಗಳು ಇಲ್ಲಿ ಅಡವಿ, ಅರಣ್ಯ, ಬೆಂಗಾಡು ಎಂಬ ಪದಗಳನ್ನು ಬಳಸಿವೆ. ಅರಣ್ಯವೆಂದೊಡನೆ ಕನ್ನಡ ಕಿವಿಗೆ ಒಂದೋ ಋಷ್ಯಾಶ್ರಮ ನೆನಪಾಗುತ್ತದೆ, ಇಲ್ಲವೇ ‘ಅರಣ್ಯರೋದನ’ ಎಂಬ ನುಡಿಗಟ್ಟು. ಅರಣ್ಯರೋದನವೆಂದರೆ ಯಾರೂ ಕೇಳದ, ಕೇಳಿದರೂ ಫಲವಿಲ್ಲದ ಅಳು. ಅರಣ್ಯದಲ್ಲಿ ಕೂಗುವವನನ್ನು ನಮ್ಮ ವಾಚಕ ದೀನಸ್ವರದಲ್ಲಿ ಓದಿದರೆ ಸಭೆಗೆ ತಟ್ಟುವುದು ಆ ನಿರಾಶೆಯೇ. ಸೆರೆಯವರಿಗೆ ಬಿಡುಗಡೆ ಸಾರಿದ ಕವಿತೆ ಹೀಗೆ ಒಂದು ಕಾಕುವಿನ ತಪ್ಪಿನಿಂದ ಶೋಕಗೀತೆಯಾಗಿಬಿಡುತ್ತದೆ. ಬೆಂಗಾಡು ಎಂಬ ಪದವನ್ನು ಆರಿಸಿದ ಅನುವಾದಕರು ನೆಲದ ಸತ್ಯವನ್ನು ಮಾತ್ರವಲ್ಲ, ದನಿಯನ್ನೂ ಉಳಿಸಿದರೆಂದೇ ನಮ್ಮ ಅಭಿಪ್ರಾಯ.

ಈಗ ೧೫೧೧ಕ್ಕೆ ಬರೋಣ. ಹಿಸ್ಪನಿಯೋಲ ದ್ವೀಪಕ್ಕೆ ದೊಮಿನಿಕನ್ ಸನ್ಯಾಸಿಗಳು ಬಂದಿಳಿದದ್ದು ೧೫೧೦ರಲ್ಲಿ. ಅವರ ಮುಖ್ಯಸ್ಥ ಪೆದ್ರೊ ದೆ ಕೊರ್ದೊಬ ಇನ್ನೂ ಮೂವತ್ತು ದಾಟದ ತರುಣ. ಆ ವೇಳೆಗೆ ದ್ವೀಪದ ತಾಯಿನೊ ಜನರನ್ನು ಸ್ಪೇನಿನ ವಸಾಹತುಗಾರರ ನಡುವೆ ಹಂಚಲಾಗಿತ್ತು. ಎಂಕೊಮಿಯೆಂದ ಎಂಬ ಈ ಪದ್ಧತಿಯಲ್ಲಿ, ಇಂತಿಷ್ಟು ಜನರನ್ನು ಇಂಥವನ ವಶಕ್ಕೆ ‘ಒಪ್ಪಿಸಲಾಗುತ್ತಿತ್ತು’. ಅವನು ಅವರಿಂದ ದುಡಿಸಿಕೊಳ್ಳಬಹುದು, ಪ್ರತಿಯಾಗಿ ಅವರನ್ನು ಕಾಪಾಡಿ ಧರ್ಮಬೋಧೆ ಕೊಡಿಸಬೇಕು. ನಡೆದದ್ದು ಮೊದಲನೆಯದು ಮಾತ್ರ. ಚಿನ್ನದ ಗಣಿಗಳಲ್ಲಿ ಜನ ಸಾಯುತ್ತಿದ್ದರು. ಇದನ್ನು ಕಂಡ ಸನ್ಯಾಸಿಗಳು ಪ್ರಾರ್ಥಿಸಿ, ಚರ್ಚಿಸಿ, ಪ್ರಬೋಧನೆಯೊಂದನ್ನು ಒಟ್ಟಾಗಿ ರಚಿಸಿ, ಎಲ್ಲರೂ ಅದಕ್ಕೆ ಸಹಿ ಹಾಕಿದರು. ಓದುವ ಹೊಣೆ ಮೊಂತೆಸಿನೋಸರ ಪಾಲಿಗೆ ಬಂತು. ದುರ್ಗುಣಗಳನ್ನು ಕಟುವಾಗಿ ಖಂಡಿಸುವವರೆಂದು ಅವರಿಗೆ ಆಗಲೇ ಹೆಸರಿತ್ತು. ರಾಜ್ಯಪಾಲ ದಿಯೆಗೊ ಕೊಲಂಬಸ್, ಅಂದರೆ ನಾವಿಕ ಕೊಲಂಬಸನ ಮಗ, ಮೊದಲ್ಗೊಂಡು ಅಧಿಕಾರಿಗಳೆಲ್ಲರನ್ನೂ ಮುಂಚಿತವಾಗಿ ಆಹ್ವಾನಿಸಲಾಗಿತ್ತು.

ಸಹಿ ಹಾಕಿದ ಆ ಮೂಲಪ್ರತಿ ಉಳಿದಿಲ್ಲ. ಪ್ರಬೋಧನೆ ನಮಗೆ ದೊರೆಯುವುದು ಬಾರ್ತಲೊಮೆ ದೆ ಲಾಸ್ ಕಾಸಾಸರ ‘ಇಂಡೀಸ್ ಇತಿಹಾಸ’ದ ಮೂರನೆಯ ಸಂಪುಟದಲ್ಲಿ. ಅವರು ಆ ಗ್ರಂಥವನ್ನು ಪ್ರಬೋಧನೆಯ ಎಷ್ಟೋ ವರ್ಷಗಳ ಬಳಿಕ ಬರೆದು, ೧೫೫೯ರಲ್ಲಿ ವಲ್ಲದೊಲಿದಿನ ದೊಮಿನಿಕನ್ ವಿದ್ಯಾಲಯಕ್ಕೆ ಒಪ್ಪಿಸಿ, ನಲವತ್ತು ವರ್ಷ ಪ್ರಕಟಿಸಬಾರದೆಂದು ಕೋರಿದರು. ಅದು ಅಚ್ಚಾದದ್ದು ೧೮೭೫ರ ನಂತರ. ಪಾಠ ಹೀಗೆ ಮತ್ತೊಬ್ಬರ ಕೈಯಿಂದ ಬಂದದ್ದು, ಅವರೋ ತಾಯಿನೊ ಜನರ ಪಕ್ಷ ಹಿಡಿದ ಉಗ್ರ ವಾದಿ. ಈ ಕಾರಣಕ್ಕೆ ಪದಪದವನ್ನೂ ಮೊಂತೆಸಿನೋಸರದೆಂದು ಪ್ರಮಾಣಮಾಡುವುದು ಉಚಿತವಲ್ಲ. ಆದರೆ ರಚನೆಯನ್ನು, ಪ್ರತಿಕ್ರಿಯೆಯನ್ನು ನಂಬಬಹುದು. ಯಾಕೆಂದರೆ ಸ್ಪೇನಿನ ಅರಸ ಫೆರ್ದಿನಾಂದ್ ೧೫೧೨ರ ಮಾರ್ಚ್ ೨೦ರಂದು ದಿಯೆಗೊನಿಗೆ ಬರೆದ ಪತ್ರ ಇದನ್ನು ಸ್ವತಂತ್ರವಾಗಿ ಸಮರ್ಥಿಸುತ್ತದೆ.

ರಚನೆ ಏನು? ಲಾಸ್ ಕಾಸಾಸರ ವರದಿಯಂತೆ ಪ್ರಬೋಧಕರು ಮೊದಲು ವಸಾಹತುಗಾರರ ಮನಸ್ಸಾಕ್ಷಿಯನ್ನೇ ಬಂಜರು ಬೆಂಗಾಡೆಂದು ಕರೆದರು. ಆ ಬೆಂಗಾಡಿನಲ್ಲಿ ಕ್ರಿಸ್ತರ ದನಿಯಾಗಿ ತಾವು ನಿಂತಿರುವುದಾಗಿ ಸಾರಿ, ಅವರೆಲ್ಲರೂ ಮಾರಕ ಪಾಪದಲ್ಲಿದ್ದಾರೆಂದು ಎಚ್ಚರಿಸಿದರು. ಬಳಿಕ ಪ್ರಶ್ನೆಗಳ ಸಾಲು: ಯಾವ ಹಕ್ಕಿನಿಂದ ಈ ಜನರನ್ನು ಹಿಡಿದಿಟ್ಟಿದ್ದಾರೆ, ಯಾವ ಅಧಿಕಾರದಿಂದ ಯುದ್ಧ ಹೂಡಿದರು, ಊಟ ಔಷಧಿಗಳಿಲ್ಲದೆ ಏಕೆ ಸಾಯಗೊಡುತ್ತಾರೆ, ಜ್ಞಾನಸ್ನಾನ ಬಲಿಪೂಜೆಗಳ ಬಗ್ಗೆ ಯಾರು ಕಾಳಜಿವಹಿಸಿದ್ದಾರೆ, ಕೊನೆಗೆ ಇವರು ಮನುಷ್ಯರೇ ಅಲ್ಲವೇ, ಇವರನ್ನು ತಮ್ಮಂತೆಯೇ ಪ್ರೀತಿಸುವ ಕಟ್ಟಳೆ ಇಲ್ಲವೇ ಎಂಬಲ್ಲಿಗೆ. ಸಮಾರೋಪದಲ್ಲಿ ಈ ಸ್ಥಿತಿಯಲ್ಲೇ ಉಳಿದರೆ ಜೀವೋದ್ಧಾರವಿಲ್ಲವೆಂಬ ಕಠಿಣ ಮಾತು.

ಇಪ್ಪತ್ತನೆಯ ಶತಮಾನದ ಓದುಗರು ಈ ಪ್ರಶ್ನೆಗಳನ್ನು ಮಾನವ ಹಕ್ಕುಗಳ ಘೋಷಣೆಯಾಗಿ ಕೇಳಿದರು. ಆ ಕಿವಿಗೆ ಪ್ರತಿಮೆಯ ಕೂಗು ಒಪ್ಪುತ್ತದೆ. ಈ ಓದು ಸುಳ್ಳಲ್ಲ. ಆದರೆ ಅದು ಫಲವನ್ನು ಬೇರೆಂದು ಎಣಿಸಿದೆ. ಪ್ರಶ್ನೆಗಳ ಕ್ರಮವನ್ನು ಗಮನಿಸಿರಿ: ಏನು ಮಾಡಿದೆ, ಯಾವ ಆಧಾರದಿಂದ ಮಾಡಿದೆ, ಮಾಡಬೇಕಾದ ಯಾವುದನ್ನು ಬಿಟ್ಟೆ, ಪ್ರೀತಿಯ ಕಟ್ಟಳೆಯನ್ನು ಮುರಿದೆಯಾ? ಪಾಪನಿವೇದನೆಯ ಪೀಠದಲ್ಲಿ ಕುಳಿತವರಿಗೆ ಇದು ಚಿರಪರಿಚಿತವಾದ ಕ್ರಮ. ಹಿಂದೆ ನಿಂತಿರುವವರು ಸಂತ ಥಾಮಸ್ ಅಕ್ವಿನಾಸರು. ಕಸಿದುಕೊಂಡುದನ್ನು ಮರಳಿ ಕೊಡುವುದು ಮುಕ್ತಿಗೆ ಅವಶ್ಯವೆಂದು ಅವರ ‘ಸುಮ್ಮಾ’ದ ಎರಡನೆಯ ಭಾಗದ ಎರಡನೆಯ ಖಂಡದಲ್ಲಿ, ೬೨ನೆಯ ಪ್ರಶ್ನೆಯಲ್ಲಿ ವಿವರಿಸಿದ್ದಾರೆ. ಮುಂದಿನ ವಾರ ಸನ್ಯಾಸಿಗಳು ಹೇಳಿದ್ದೂ ಅದನ್ನೇ: ಈ ಜನರನ್ನು ಹಿಡಿದಿಟ್ಟವರ ಪಾಪನಿವೇದನೆಯನ್ನು, ದಾರಿಗಳ್ಳರದನ್ನು ಹೇಗೋ ಹಾಗೆ, ತಾವು ಕೇಳುವುದಿಲ್ಲ. ರಾಜಶೇಖರನ ಭಾಷೆಯಲ್ಲಿ ಹೇಳುವುದಾದರೆ ಅಂದಿನ ಪ್ರಶ್ನೆಗಳ ಕಾಕು ಸಾಕಾಂಕ್ಷ. ಅವು ಮುಗಿಯಬೇಕಾದದ್ದು ಕೇಳುವವನ ಉತ್ತರದಲ್ಲಿ, ಅವನ ಪಶ್ಚಾತ್ತಾಪದಲ್ಲಿ. ‘ಮಾರಕ ಪಾಪ’ ಎಂಬ ಮಾತು ಕೂಡ, ಹೊರಗಿನವರಿಗೆ ಶಾಪದಂತೆ ಕೇಳಿಸಿದರೂ, ಒಳಗಿನವರಿಗೆ ಔಷಧವಿರುವ ರೋಗದ ಹೆಸರು.

ಆದರೆ ಕೇಳಿದವರು ಅದನ್ನು ನಿರಾಕಾಂಕ್ಷವಾಗಿ, ಮುಗಿದ ತೀರ್ಪಾಗಿ ಕೇಳಿದರು. ಕೆಲವರು ದಂಗಾದರು, ಕೆಲವರು ಇನ್ನಷ್ಟು ಕಲ್ಲಾದರು, ಕೆಲವರಿಗೆ ತುಸು ನೋವಾಯಿತು. ತಾವು ತಿಳಿದ ಮಟ್ಟಿಗೆ ಯಾರೊಬ್ಬರೂ ಮನಸ್ಸು ತಿರುಗಿಸಲಿಲ್ಲವೆಂದು ಲಾಸ್ ಕಾಸಾಸರು ದಾಖಲಿಸುತ್ತಾರೆ. ಊಟ ಮುಗಿಸಿ ಅಧಿಕಾರಿಗಳು ಸನ್ಯಾಸಿಗಳ ಗುಡಿಸಲಿಗೆ ನುಗ್ಗಿದರು. ಅವರ ಆಕ್ಷೇಪ ಪಾಪದ ಕುರಿತಾಗಿರಲಿಲ್ಲ. ಅರಸ ಕೊಟ್ಟುದನ್ನು ಪ್ರಶ್ನಿಸುವುದು ಅರಸನಿಗೆ ದ್ರೋಹ, ಇದು ಹೊಸ ಬೋಧನೆ ಎಂಬುದಾಗಿತ್ತು. ಪ್ರಬೋಧಕರನ್ನು ಕರೆಯಿರೆಂದಾಗ ಪೆದ್ರೊ ದೆ ಕೊರ್ದೊಬರು ಶಾಂತವಾಗಿ, ಅದು ಒಬ್ಬರ ಮಾತಲ್ಲ, ತಮ್ಮೆಲ್ಲರದು ಎಂದರು. ಹಾಗಾದರೆ ಗಂಟುಮೂಟೆ ಕಟ್ಟಿ ಸ್ಪೇನಿಗೆ ಹೊರಡಿ ಎಂದದ್ದಕ್ಕೆ, ಅದರಿಂದ ತಮಗೆ ಹೆಚ್ಚು ಶ್ರಮವಾಗದು ಎಂದರಂತೆ. ನಿಜ, ಅವರೆಲ್ಲರ ಆಸ್ತಿ ಎರಡು ಪೆಟ್ಟಿಗೆಗಳಿಗೆ ಸಾಕಾಗುತ್ತಿತ್ತು. ಈ ಸಂವಾದವನ್ನು ಕೂಗಿನ ದನಿಯಲ್ಲಿ ಓದಲು ಸಾಧ್ಯವೇ? ಸಿಟ್ಟು ಇತ್ತು. ಕೇಳುಗರ ಮೈ ನಡುಗುವಷ್ಟು, ದೇವರ ತೀರ್ಪಿನ ಮುಂದೆ ನಿಂತಂತೆ ತೋರುವಷ್ಟು ಅದು ತೀಕ್ಷ್ಣವಾಗಿತ್ತೆಂದು ಲಾಸ್ ಕಾಸಾಸರೇ ಬರೆಯುತ್ತಾರೆ. ಆದರೆ ಅದು ತೂಗಿ, ಅಳೆದು, ಸಹಿ ಹಾಕಿದ ಸಿಟ್ಟು. ಉದ್ವೇಗದಲ್ಲಿ ಬಾಯಿಂದ ಜಾರಿದ್ದಲ್ಲ.

ಮರುಭಾನುವಾರ ದೇವಾಲಯ ಕಿಕ್ಕಿರಿದಿತ್ತು. ಮಾತನ್ನು ಹಿಂತೆಗೆದುಕೊಳ್ಳುತ್ತಾರೆಂದೇ ಎಲ್ಲರ ನಿರೀಕ್ಷೆ. ಮೊಂತೆಸಿನೋಸರು ಯೋಬನ ಗ್ರಂಥದ ೩೬ನೆಯ ಅಧ್ಯಾಯದ ಒಂದು ವಾಕ್ಯವನ್ನು ಎತ್ತಿಕೊಂಡರು. ಅದು ಎಲೀಹು ತನ್ನ ತಿಳಿವನ್ನು ಮೊದಲಿನಿಂದ ಮತ್ತೆ ವಿವರಿಸುವೆನೆಂದು ಹೊರಡುವ ಸ್ಥಳ. ಸಭೆಗೆ ಅದರಲ್ಲೇ ಉತ್ತರ ಸಿಕ್ಕಿತು. ಹಿಂದಿನ ವಾರದ ಪ್ರಶ್ನೆಗಳಿಗೆ ಈ ವಾರ ಕಾರಣಗಳು ಬಂದವು. ಎರಡು ಪ್ರಬೋಧನೆಗಳನ್ನು ಒಟ್ಟಿಗೆ ಓದಿದಾಗಲೇ ಮೊದಲನೆಯದರ ದನಿ ಸ್ಪಷ್ಟವಾಗುವುದೆಂದು ನಮಗನಿಸುತ್ತದೆ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನಷ್ಟೇ ಸಂಕಲನಗಳಲ್ಲಿ ಅಚ್ಚುಹಾಕುವ ರೂಢಿ ಈ ದೃಷ್ಟಿಯಿಂದ ಹಾನಿಕರ.

ಅರಸನ ಪತ್ರವೂ ರಾಜಕೀಯದ ಕಿವಿಯಿಂದಲೇ ಕೇಳಿದವನ ಪತ್ರ: ಪೋಪ್ ಆರನೆಯ ಅಲೆಕ್ಸಾಂಡರರ ದಾನವನ್ನು ನೆನಪಿಸಿ, ಸನ್ಯಾಸಿಗಳು ಸುಮ್ಮನಾಗದಿದ್ದರೆ ಹಿಂದಕ್ಕೆ ಕಳುಹಿಸುವಂತೆ ಹೇಳುತ್ತದೆ. ಸ್ಪೇನಿನಲ್ಲಿದ್ದ ಅವರ ಸಭೆಯ ಪ್ರಾಂತ್ಯಾಧಿಕಾರಿ ಕೂಡ ಅದೇ ತಿಂಗಳು ಅವರನ್ನು ಗದರಿಸಿ ಬರೆದರು. ವಸಾಹತುಗಾರರು ತಮ್ಮ ಪರವಾಗಿ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಆಸ್ಥಾನಕ್ಕೆ ಅಟ್ಟಿದರು. ಮೊಂತೆಸಿನೋಸರೂ ಹೊರಟು ಅರಸನ ಮುಂದೆ ನಿಂತರು. ಫಲವಾಗಿ ಬಂದದ್ದು ೧೫೧೨ರ ಡಿಸೆಂಬರ್ ೨೭ರ ಬುರ್ಗೋಸ್ ಕಾನೂನುಗಳು. ಅವು ದುಡಿಮೆಗೆ, ಊಟಕ್ಕೆ, ಧರ್ಮಬೋಧೆಗೆ ನಿಯಮ ಹಾಕಿದವು, ಎಂಕೊಮಿಯೆಂದವನ್ನು ಮುಟ್ಟಲಿಲ್ಲ.

ದನಿಮುದ್ರಣವೊಂದಿದ್ದರೆ ಈ ಜಿಜ್ಞಾಸೆಯೆಲ್ಲ ತೀರುತ್ತಿತ್ತೆಂದು ತೋರಬಹುದು. ಹಾಗೇನಿಲ್ಲ. ೧೯೬೩ರ ಆಗಸ್ಟ್ ೨೮ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಇದೇ ಯೆಶಾಯನ ಕವಿತೆಯ ಮುಂದಿನ ಸಾಲುಗಳನ್ನು ಬಳಸಿದರು. ಬರೆದು ತಂದ ಪಾಠವನ್ನು ಬದಿಗಿಟ್ಟು, ಬ್ಯಾಪ್ಟಿಸ್ಟ್ ಸಭಾಪಾಲಕನ ಪ್ರಬೋಧನೆಯ ಲಯಕ್ಕೆ ಅವರು ಹೊರಳಿಕೊಂಡ ಭಾಗವದು. ಕಣಿವೆ ಬೆಟ್ಟಗಳ ಆ ಸಾಲುಗಳಿಗೆ ಅಲ್ಲಿ ಮೂಲದ ದನಿಯೇ, ಸೆರೆಯವರಿಗೆ ಹೇಳಿದ ಸಾಂತ್ವನದ ದನಿಯೇ ಮರಳಿತು. ಮುದ್ರಣವಿದೆ, ಯಾರು ಬೇಕಾದರೂ ಕೇಳಬಹುದು. ಆದರೂ ಲೋಕ ಕನಸಿನ ಭಾಗವನ್ನು ಮಾತ್ರ ನೆನಪಿಟ್ಟು, ಕಪ್ಪುಜನರಿಗೆ ದೇಶ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿತೆಂಬ ಮೊದಲರ್ಧದ ಕಹಿ ಆರೋಪವನ್ನು ಮರೆತಿದೆ. ಹೀಗೆ ಅರ್ಧವನ್ನು ಕತ್ತರಿಸಿದಾಗ ಉಳಿದರ್ಧದ ಸಾಂತ್ವನವೂ ಸಿಹಿತಿನಿಸಾಗುತ್ತದೆ. ಯಾರಿಗೆ ಸಾಂತ್ವನ, ಯಾವ ನೋವಿಗೆ ಎಂಬುದು ಕೇಳಿಸುವುದಿಲ್ಲ.

ನಮ್ಮ ಆಗಮನಕಾಲದ ವಾಚನಗಳಲ್ಲಿ ಈ ಎರಡೂ ದನಿಗಳು ಅಕ್ಕಪಕ್ಕದಲ್ಲಿವೆ. ‘ಬಿ’ ವರ್ಷದ ಎರಡನೆಯ ಭಾನುವಾರ ಮೊದಲ ವಾಚನ ಯೆಶಾಯನ ೪೦ನೆಯ ಅಧ್ಯಾಯ, ಶುಭಸಂದೇಶ ಮಾರ್ಕನ ಆರಂಭ. ಮರುವಾರ ಯೊವಾನ್ನರ ವಿಚಾರಣೆ. ಒಂದೇ ವಾಕ್ಯವನ್ನು ಎಂಟು ದಿನಗಳೊಳಗೆ ಮೂರು ಬಾಯಿಗಳಿಂದ ಸಭೆ ಕೇಳುತ್ತದೆ. ವಾಚಕರನ್ನು ಸಿದ್ಧಪಡಿಸುವ ಗುರುವಿದ್ಯಾರ್ಥಿಗಳು ಆ ಶನಿವಾರ ಉಚ್ಚಾರಣೆಯನ್ನು ತಿದ್ದಿದರೆ ಸಾಲದು. ಎಲ್ಲಿ ಉಸಿರು ನಿಲ್ಲಬೇಕು, ಯಾರನ್ನು ಉದ್ದೇಶಿಸಿ ಓದಬೇಕು ಎಂಬುದನ್ನೂ ಹೇಳಿಕೊಡಬೇಕು. ಪ್ರಬೋಧನೆಯ ವಿಷಯದಲ್ಲಂತೂ ಇದು ಇನ್ನೂ ಸತ್ಯ. ಪ್ರಶ್ನೆಯನ್ನು ತೀರ್ಪಿನ ಸ್ವರದಲ್ಲಿ ಕೇಳಿ, ಸಭೆ ಉತ್ತರಿಸಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ಇಷ್ಟಾದ ಮೇಲೂ, ಸರಿಯಾದ ಕಾಕು ಸರಿಯಾದ ಕಿವಿಯನ್ನು ಅದೇ ದಿನ ತಲುಪಬೇಕೆಂದಿಲ್ಲ. ಮೊಂತೆಸಿನೋಸರು ಮಾತಾಡಿದ ಆ ವರ್ಷಗಳಲ್ಲಿ ಲಾಸ್ ಕಾಸಾಸರು ಸ್ವತಃ ಯಾಜಕರೂ ಹೌದು, ಎಂಕೊಮಿಯೆಂದದ ಒಡೆಯರೂ ಹೌದು. ಒಮ್ಮೆ ಒಬ್ಬ ದೊಮಿನಿಕನ್ ಗುರು ಅವರ ಪಾಪನಿವೇದನೆ ಕೇಳಲು ನಿರಾಕರಿಸಿದಾಗ ಅವರು ವಾದಕ್ಕಿಳಿದು, ತಾವೇ ಸರಿಯೆಂದುಕೊಂಡು ಹೊರಬಂದರು. ೧೫೧೪ರಲ್ಲಿ ಕ್ಯೂಬಾದಲ್ಲಿ ಪೆಂತಕೋಸ್ತ ಹಬ್ಬದ ಪ್ರಬೋಧನೆಗಾಗಿ ಪವಿತ್ರ ಗ್ರಂಥವನ್ನು ತಿರುವುತ್ತಿರುವಾಗ, ಬಡವರಿಂದ ಕಸಿದುದನ್ನು ಬಲಿಯಾಗಿ ಅರ್ಪಿಸುವುದರ ಕುರಿತಾದ ಸಿರಾಖನ ಗ್ರಂಥದ ೩೪ನೆಯ ಅಧ್ಯಾಯದ ಮಾತುಗಳು ಕಣ್ಣಿಗೆ ಬಿದ್ದವು. ಓದುತ್ತಿದ್ದವರು ಅವರೊಬ್ಬರೇ; ಪೀಠವಿಲ್ಲ, ಪ್ರಬೋಧಕನಿಲ್ಲ, ಕೂಗೂ ಇಲ್ಲ. ಹಿಸ್ಪನಿಯೋಲದಲ್ಲಿ ದೊಮಿನಿಕನ್ನರಿಂದ ಕೇಳಿದ್ದೆಲ್ಲ ಆಗ ನೆನಪಿಗೆ ಬಂತೆಂದು ಅವರೇ ಬರೆದಿದ್ದಾರೆ. ಅದೇ ವರ್ಷದ ಆಗಸ್ಟ್ ೧೫ರಂದು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ದಿನ, ತಮ್ಮ ವಶದಲ್ಲಿದ್ದ ಜನರನ್ನು ಬಿಟ್ಟುಕೊಡುತ್ತಿರುವುದಾಗಿ ಪ್ರಬೋಧನೆಯಲ್ಲೇ ಸಾರಿ, ಎದುರಿಗೆ ಕುಳಿತಿದ್ದ ವಸಾಹತುಗಾರರಿಗೆ ಅವರು ಅದೇ ಹಳೆಯ ಪ್ರಶ್ನೆಗಳನ್ನು ಕೇಳಿದರು.